ಸೈರನ್ನಪ್ಪನವರ ಕಾಕ್‌ಟೇಲ್ ಕವಾಯತು

ಹೆದರುವುದೂ ಒಂದು ವಿದ್ಯೆ ಎಂದು ಲೋಕ ಒಪ್ಪಿಕೊಂಡಿದ್ದರೆ ಸೈರನ್ನಪ್ಪನವರಿಗೆ ಇಷ್ಟು ಹೊತ್ತಿಗೆ ನಾಲ್ಕಾರು ಸನ್ಮಾನಗಳಾದರೂ ಆಗಿರುತ್ತಿದ್ದವು. ಲಿಫ್ಟ್ ಹತ್ತಿದರೆ ನಡುವೆ ನಿಂತುಬಿಟ್ಟೀತು, ಮೆಟ್ಟಿಲು ಹತ್ತಿದರೆ ಮಂಡಿ ಹಿಡಿದೀತು, ಎರಡೂ ಬೇಡವೆಂದು ಕೆಳಗೇ ನಿಂತರೆ ಯಾರಾದರೂ ಬಂದು ಮಾತಾಡಿಸಿಯಾರು. ಹೀಗೆ ಅವರ ಹೆದರಿಕೆ ಯಾರಿಗೂ ಮೋಸವಾಗದಂತೆ ಎಲ್ಲ ಕಡೆಗೂ ಹಂಚಿಹೋಗಿತ್ತು.

ಇಂಥವರು ಸೇರಿದ್ದು ಅಗ್ನಿಶಾಮಕ ಇಲಾಖೆಗೆ. ಗಾಬರಿಯಾಗಬೇಡಿ, ಅವರಿದ್ದದ್ದು ಮಾಕ್ ಡ್ರಿಲ್ ವಿಭಾಗದಲ್ಲಿ. ಆಫೀಸುಗಳಿಗೆ, ಶಾಲೆಗಳಿಗೆ ಹೋಗಿ ಸೈರನ್ ಕೂಗಿಸುವುದು, ಬಣ್ಣದ ಹೊಗೆ ಬಿಡುವುದು, ಬೆಂಕಿಯೇ ಬೀಳದ ಕಟ್ಟಡದಿಂದ ಜನರನ್ನು ಹೊರಗೆ ಓಡಿಸುವುದು ಅವರ ಕೆಲಸ. ಗಾಯವೇ ಆಗದವರಿಗೆ ಬ್ಯಾಂಡೇಜು ಸುತ್ತಿಸಿ, ಸ್ಟ್ರೆಚರ್ ಮೇಲೆ ಮಲಗಿಸಿ, "ಸ್ವಲ್ಪ ನರಳ್ರೀ, ದುಡ್ಡು ಕೊಡ್ಬೇಕಾ?" ಎಂದು ಗದರುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಸೈರನ್ನಪ್ಪ ಎಂಬ ಹೆಸರು ಬಂದದ್ದು ಹಾಗೆ. ಅಪ್ಪ ಅಮ್ಮ ಇಟ್ಟ ಹೆಸರನ್ನು ಹೆಂಡತಿಯೂ ಮರೆತಿದ್ದಳು. ನಿಜವಾದ ಬೆಂಕಿಯನ್ನು ಅವರು ಕಂಡದ್ದು ಅಡುಗೆಮನೆಯ ಒಲೆಯಲ್ಲಿ ಮಾತ್ರ, ಅದೂ ಬಾಗಿಲ ಹತ್ತಿರ ನಿಂತು.

ಈಗ ಅವರ ಮಗಳ ಮದುವೆಯ ಮಾತು ನಡೆದಿತ್ತು. ಹುಡುಗ ಹುಡುಗಿ ತಾವೇ ನೋಡಿ ಮೆಚ್ಚಿಕೊಂಡದ್ದು, ಇಬ್ಬರಿಗೂ ಒಬ್ಬರನ್ನೊಬ್ಬರು ಬಿಟ್ಟರೆ ಬೇರೆ ಪ್ರಪಂಚವಿಲ್ಲ. ದೊಡ್ಡವರು ಹೂಂ ಅನ್ನುವುದೊಂದೇ ಬಾಕಿ. ಅದರಲ್ಲೂ ಹುಡುಗನ ಅಪ್ಪ ಹೂಂ ಅನ್ನಬೇಕಿತ್ತು. ಅವರು ಹಡಗಿನ ಕ್ಯಾಪ್ಟನ್ ಆಗಿ ನಿವೃತ್ತರಾದವರು. ಇಡೀ ಜೀವಮಾನ ಗಾಳಿಗೆ ಎದುರಾಗಿ ಕೂಗಿ ಕೂಗಿ, ಈಗ ಪಕ್ಕದ ಕುರ್ಚಿಯವರ ಜೊತೆಗೂ ಪಕ್ಕದ ಹಡಗಿನವರ ಜೊತೆ ಮಾತಾಡಿದಂತೆಯೇ ಮಾತಾಡುತ್ತಿದ್ದರು.

ಮೊದಲ ಭೇಟಿ ಕ್ಯಾಪ್ಟನ್ ಮನೆಯಲ್ಲಿ, ಸೈರನ್ನಪ್ಪನವರು ಹೆಂಡತಿ ಮಗಳ ಜೊತೆ ಹೋಗಿದ್ದರು. ಗಾಜಿನ ಬಾಗಿಲಿನ ಕಪಾಟಿನ ತುಂಬ ಬಾಟಲಿಗಳು. ಕ್ಯಾಪ್ಟನ್ ಒಂದು ಗಂಟೆ ಬಂದರುಗಳ ಕಥೆ ಹೇಳಿದರು, ಸೈರನ್ನಪ್ಪನವರು ಒಂದು ಗಂಟೆ "ಹೌದಾ?" ಎಂದರು. ಆಮೇಲೆ ಕ್ಯಾಪ್ಟನ್ ತಿರುಗಿ ಕೂತು ಕೇಳಿದರು.

"ನೀವು ಫೈರ್ ಡಿಪಾರ್ಟ್‌ಮೆಂಟು! ಭೇಷ್! ಎಷ್ಟು ಬೆಂಕಿ ಆರಿಸಿದ್ದೀರಿ?"

ಸೈರನ್ನಪ್ಪನವರು ಪೇಚಿಗೆ ಸಿಕ್ಕರು. ಒಂದೂ ಇಲ್ಲ ಎಂದರೆ ಮಗಳ ಎದುರು ಮಾನ ಹೋಗುತ್ತದೆ; ಬಹಳ ಎಂದರೆ ಯಾವುದು, ಎಲ್ಲಿ, ಹೇಗೆ ಎಂದು ಮುಂದಿನ ಪ್ರಶ್ನೆ ಬರುತ್ತದೆ. ಹೇಗಾದರೂ ಮಾತು ಬದಲಾಯಿಸಬೇಕಿತ್ತು. ಕಣ್ಣು ಕಪಾಟಿನ ಕಡೆ ಓಡಿತು, ಬಾಯಿ ಅದರ ಹಿಂದೆಯೇ ಓಡಿತು.

"ಅದು ಬಿಡಿ ಸಾರ್... ಈ ಕಾಕ್‌ಟೇಲ್ ಇದೆಯಲ್ಲ, ಅದನ್ನ ನಾನು ಮನೇಲೇ ಮಾಡ್ತೀನಿ."

ಸೈರನ್ನಪ್ಪನವರ ಹೆಂಡತಿಯ ಕೈಯಲ್ಲಿದ್ದ ಬಿಸ್ಕತ್ತು ಮುರಿಯಿತು. ಮಗಳು ಅಪ್ಪನನ್ನು ಹೊಸಬರನ್ನು ನೋಡುವಂತೆ ನೋಡಿದಳು. ಸೈರನ್ನಪ್ಪನವರು ಹುಟ್ಟಿದಾರಭ್ಯ ಸೋಡಾ ಕುಡಿದರೂ ಕಣ್ಣಲ್ಲಿ ನೀರು ತಂದುಕೊಳ್ಳುವವರು.

"ನೀವಾ?" ಕ್ಯಾಪ್ಟನ್ ಎದ್ದು ಬಂದು ಅವರ ಕೈ ಹಿಡಿದು ಕುಲುಕಿದರು. "ಓಲ್ಡ್ ಫ್ಯಾಶನ್ಡ್ ಅನ್ನೋ ಕಾಕ್‌ಟೇಲ್ ಬರುತ್ತಾ? ಮಾರ್ಟಿನಿ? ಈ ಊರಲ್ಲಿ ಅದನ್ನ ನೆಟ್ಟಗೆ ಮಾಡೋ ಒಂದು ಕೈ ಸಿಕ್ಕಿಲ್ಲ ನನಗೆ! ಬರೋ ಭಾನುವಾರ ನಿಮ್ಮನೆಗೆ ಬರ್ತೀವಿ. ಅಲ್ಲೇ ಮದುವೆ ಮಾತೂ ಮುಗಿಸೋಣ. ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನನಗೆ ಬಡವರಾದ್ರೂ ಪರವಾಗಿಲ್ಲ, ಜಗಳಗಂಟರಾದ್ರೂ ಪರವಾಗಿಲ್ಲ. ಸುಳ್ಳು ಹೇಳೋರ ಮನೆಯಿಂದ ಮಾತ್ರ ಸೊಸೆ ತರೋದಿಲ್ಲ."

ಕ್ಯಾಪ್ಟನ್ ಹೆಂಡತಿ ಮೂಲೆಯ ಕುರ್ಚಿಯಲ್ಲಿ ಕೂತು ಉಗುರು ನೋಡಿಕೊಳ್ಳುತ್ತಿದ್ದರು.

ಮನೆಗೆ ಬರುವ ದಾರಿಯುದ್ದಕ್ಕೂ ಸೈರನ್ನಪ್ಪನವರ ಹೆಂಡತಿ ಮಾತಾಡಲಿಲ್ಲ. ಅದು ಒಳ್ಳೆಯ ಲಕ್ಷಣವಲ್ಲ ಎಂಬುದು ಮದುವೆಯಾದ ಯಾರಿಗಾದರೂ ಗೊತ್ತಿರುವ ಸಂಗತಿ. ಬಾಗಿಲು ಹಾಕಿದ ಮೇಲೆ ಶುರುವಾಯಿತು.

"ಏನ್ರೀ, ನಿಮಗೇನಾದ್ರೂ ಬುದ್ಧಿ ನೆಟ್ಟಗಿದೆಯಾ? ನಿಂಬೆ ಶರಬತ್ತು ಮಾಡೋಕೆ ಬರಲ್ಲ ನಿಮಗೆ! ಕೆಳಗೆ ಹೆಡ್‌ಮಿಸ್ಟ್ರೆಸ್ ಇದ್ದಾರೆ ಅನ್ನೋದಾದ್ರೂ ನೆನಪಿದೆಯಾ?"

ನೆನಪಿತ್ತು. ಹೆಡ್‌ಮಿಸ್ಟ್ರೆಸ್ ಎಂದರೆ ಮನೆಯ ಒಡತಿ. ಶಾಲೆಯಿಂದ ನಿವೃತ್ತರಾದರೂ ಶಾಲೆ ಅವರಿಂದ ನಿವೃತ್ತವಾಗಿರಲಿಲ್ಲ. ಬಾಡಿಗೆಗೆ ಕೊಡುವ ದಿನವೇ, "ಈ ಮನೆಯೊಳಗೆ ಒಂದು ತೊಟ್ಟು ಬಂತೋ, ನೀವು ಅವತ್ತೇ ಹೊರಗೆ" ಎಂದು ಬೆರಳೆತ್ತಿ ಹೇಳಿದ್ದರು. ನಲ್ಲಿ ಸೋರುತ್ತದೆಯೇ ನೋಡುವ ನೆಪದಲ್ಲಿ ಯಾವಾಗೆಂದರೆ ಆವಾಗ ಮೇಲೆ ಬಂದು ಮೂಗು ಅರಳಿಸಿ ನಿಲ್ಲುತ್ತಿದ್ದರು.

ಮಗಳು ಮಾತ್ರ ಬೈಯಲಿಲ್ಲ. ಅಪ್ಪನ ಪಕ್ಕ ಬಂದು ಕೂತು, "ಅಪ್ಪಾ, ನಿಮ್ಮನ್ನ ಏನೂ ಕೇಳಿಲ್ಲ ನಾನು ಇವತ್ತಿನವರೆಗೆ. ಇದೊಂದನ್ನ ಹಾಳು ಮಾಡ್ಬೇಡಿ" ಎಂದಳು. ಆ ದನಿ ಕೇಳಿದ ಮೇಲೆ ಸೈರನ್ನಪ್ಪನವರಿಗೆ ಕಲಿಯದೆ ಬೇರೆ ದಾರಿ ಇರಲಿಲ್ಲ.

ಮದ್ಯದಂಗಡಿಗೆ ಹೋಗುವಾಗ ಗುರುತು ಸಿಗಬಾರದೆಂದು ಅವರು ಹೆಲ್ಮೆಟ್ ಹಾಕಿಕೊಂಡು ಹೋದರು. ಸ್ಕೂಟರ್ ಇಲ್ಲದ ಕಾರಣ ಇಲಾಖೆಯ ಹೆಲ್ಮೆಟ್ಟೇ ಗತಿ. ಅದು ಕೆಂಪಗಿತ್ತು, ಹಣೆಯ ಮೇಲೆ ಅಗ್ನಿಶಾಮಕ ದಳದ ಲಾಂಛನ ಫಳಫಳ ಹೊಳೆಯುತ್ತಿತ್ತು. ಇವರು ಒಳಗೆ ಕಾಲಿಟ್ಟದ್ದೇ ತಡ, ಗಿರಾಕಿಗಳು ಚೆಲ್ಲಾಪಿಲ್ಲಿಯಾಗಿ ಹೊರಗೆ ಓಡಿದರು. ಅಂಗಡಿಯವನು ಎದ್ದು ನಿಂತು ಕೈಮುಗಿದ.

"ಸಾರ್, ಬೆಂಕಿ ಆರಿಸೋ ಸಿಲಿಂಡರ್ ಹಿಂದುಗಡೆ ಇದೆ ಸಾರ್! ಹೋದ ವಾರ ತಾನೇ ತುಂಬಿಸಿದ್ದೀವಿ!"

"ಶ್! ಮೆಲ್ಲಗೆ," ಎಂದರು ಸೈರನ್ನಪ್ಪನವರು ಅವನಿಗಿಂತ ಹೆಚ್ಚು ನಡುಗುತ್ತ. "ವಿಸ್ಕಿ ಬೇಕು."

ಅಂಗಡಿಯವನ ಮುಖ ಅರಳಿತು. ಇದು ಅವನಿಗೆ ಅರ್ಥವಾಗುವ ಭಾಷೆ. "ಅಷ್ಟೇನಾ ಸಾರ್! ಎಷ್ಟು ಪೆಟ್ಟಿಗೆ ಕಳಿಸ್ಲಿ? ಮನೆಗೋ ಆಫೀಸಿಗೋ?"

"ಒಂದು ಬಾಟ್ಲಿ ಸಾಕು. ಮಾರ್ಟಿನಿಗೆ ಅಂತ ಜಿನ್ ಒಂದು. ಆಮೇಲೆ... ಇದು ಎಷ್ಟು ದೂರದಿಂದ ಹತ್ಕೊಳ್ಳುತ್ತೆ?"

"ದುಡ್ಡು ಬೇಡ ಸಾರ್, ನಿಮ್ಮ ಹತ್ರ ದುಡ್ಡಾ?"

ಸೈರನ್ನಪ್ಪನವರು ಬೆಚ್ಚಿದರು. ಇಲಾಖೆಯ ಹೆಲ್ಮೆಟ್ ಹಾಕಿಕೊಂಡು ಲಂಚ ಬೇರೆ ತೆಗೆದುಕೊಂಡಂತಾಯಿತಲ್ಲ! ಜೇಬಿನಲ್ಲಿದ್ದಷ್ಟನ್ನೂ ಮೇಜಿನ ಮೇಲೆ ಸುರಿದು, ಬಾಟಲಿಗಳನ್ನು ಕಂಕುಳಲ್ಲಿ ಅವುಚಿಕೊಂಡು, ಸಂದಿಗೊಂದಿಗಳಲ್ಲಿ ನುಗ್ಗಿ ಮನೆ ಸೇರಿದರು.

ಇನ್ನು ಕಲಿಕೆ. ಇಲ್ಲಿ ಅವರೊಳಗಿನ ಮಾಕ್ ಡ್ರಿಲ್ ಮನುಷ್ಯ ಎದ್ದು ಕೂತ. ಆ ವಿಭಾಗದಲ್ಲಿ ಒಂದು ಪದ್ಧತಿಯಿದೆ: ಮೊದಲು ನಕಲಿಯಲ್ಲಿ ಕೈ ಪಳಗಬೇಕು, ಅಸಲಿಗೆ ಕೈಹಾಕುವುದು ಕೊನೆಗೆ. ಅಸಲಿಯನ್ನು ಎಲ್ಲಿಟ್ಟಿದ್ದೇವೆಂದು ಯಾರಿಗೂ ಹೇಳಬಾರದು, ಹೇಳಿದರೆ ಡ್ರಿಲ್ ಕೆಡುತ್ತದೆ. ಅದರಂತೆ ಅವರು ವಿಸ್ಕಿ ಬಾಟಲಿಯನ್ನು ಖಾಲಿ ಮಾಡಿ ಅದಕ್ಕೆ ಹಾಲು ಹಾಕದ ಚಹಾ ತುಂಬಿದರು. ಜಿನ್ ಬಾಟಲಿಗೆ ನೀರು ತುಂಬಿದರು. ಹೆಡ್‌ಮಿಸ್ಟ್ರೆಸ್ ಬಂದು ಹಿಡಿದರೂ ಮುಚ್ಚಳ ತೆಗೆದು ತೋರಿಸಬಹುದು, ಎಂಥ ಬುದ್ಧಿ! ಅಸಲಿ ವಿಸ್ಕಿ ಹೋಗಿ ಮನೆಯಲ್ಲೇ ಇದ್ದ ಅತ್ತೆಯವರ ಕೆಮ್ಮಿನ ಔಷಧಿಯ ಹಳೆಯ ದೊಡ್ಡ ಬಾಟಲಿ ಸೇರಿತು. ಬಣ್ಣ ಹೆಚ್ಚುಕಮ್ಮಿ ಅದೇ. ಅಸಲಿ ಜಿನ್ ಹೋಗಿ ಫ್ರಿಜ್ಜಿನೊಳಗೆ ಹಿಂದುಗಡೆಯ ನೀರಿನ ಬಾಟಲಿ ಸೇರಿತು. ಭಾನುವಾರ ಬೆಳಿಗ್ಗೆ ಎಲ್ಲವನ್ನೂ ಅದರದರ ಜಾಗಕ್ಕೆ ಸುರಿದರಾಯಿತು ಎಂದುಕೊಂಡು ಅವರು ನೆಮ್ಮದಿಯಾಗಿ ಕೂತರು. ಅವರ ಬಾಳಿನಲ್ಲಿ ನೆಮ್ಮದಿ ಎಂಬುದು ಇನ್ನೊಂದು ಆಪತ್ತು ಹೊರಡುವ ಮುಂಚಿನ ವಿರಾಮ ಅಷ್ಟೇ.

ಮೊಬೈಲಿನಲ್ಲಿ ಗಡ್ಡದವನೊಬ್ಬ ಹೇಳಿಕೊಡುತ್ತಿದ್ದ. ಓಲ್ಡ್ ಫ್ಯಾಶನ್ಡ್‌ಗೆ ಸಕ್ಕರೆ, ಎರಡು ತೊಟ್ಟು ಕಹಿ ಅರ್ಕ, ವಿಸ್ಕಿ, ದೊಡ್ಡ ಐಸು, ಮೇಲೆ ಕಿತ್ತಳೆ ಸಿಪ್ಪೆ ಹಿಂಡಬೇಕು. ನಿಧಾನವಾಗಿ ಕಲಕಬೇಕು, ಕುಲುಕಬಾರದು. ಅವನು ಬೇಡವೆಂದದ್ದೇ ಸೈರನ್ನಪ್ಪನವರ ತಲೆಯಲ್ಲಿ ಗಟ್ಟಿಯಾಗಿ ಕೂತಿತು. ಐಸು ತುಂಬಿದ ಸ್ಟೀಲ್ ಡಬ್ಬಿ ಹಿಡಿದು, ಸದ್ದು ಕೇಳಬಾರದೆಂದು ಬಚ್ಚಲಮನೆ ಸೇರಿ, ಬೆಳ್ಳಂಬೆಳಿಗ್ಗೆ ಗಡಗಡ ಕುಲುಕತೊಡಗಿದರು. ಬಚ್ಚಲಮನೆಯ ಕೆಳಗೆ ಸರಿಯಾಗಿ ಇದ್ದದ್ದು ಹೆಡ್‌ಮಿಸ್ಟ್ರೆಸ್ ಮಲಗುವ ಕೋಣೆ.

ಯಾರೋ ಬಾಗಿಲು ಬಡಿದರು.

"ಏನದು ಸದ್ದು? ಪೈಪ್ ಒಡೀತಾ?"

"ಇಲ್ಲ ಮೇಡಂ... ವ್ಯಾಯಾಮ," ಎಂದರು ಸೈರನ್ನಪ್ಪನವರು, ಡಬ್ಬಿ ಬೆನ್ನ ಹಿಂದೆ.

"ಬಚ್ಚಲಲ್ಲಾ?"

ಹೆಡ್‌ಮಿಸ್ಟ್ರೆಸ್ ಮೂಗು ಅರಳಿಸಿ ಒಳಗೆ ನಡೆದರು. ಊಟದ ಮೇಜಿನ ಮೇಲೆ ವಿಸ್ಕಿ ಬಾಟಲಿ ರಾಜನ ಹಾಗೆ ಕೂತಿತ್ತು. ಅವರು ಅದನ್ನು ನೋಡಿದರು, ಸೈರನ್ನಪ್ಪನವರನ್ನು ನೋಡಿದರು, ಮತ್ತೆ ಅದನ್ನು ನೋಡಿದರು.

"ಇದೇನು?"

"ಚಹಾ ಮೇಡಂ."

"ನನ್ನ ಸರ್ವೀಸಿನಲ್ಲಿ ಎಂಥೆಂಥ ಸುಳ್ಳು ಕೇಳಿದ್ದೀನಿ! ಇಷ್ಟು ದಡ್ಡ ಸುಳ್ಳು ಒಂದನೇ ಕ್ಲಾಸಿನೋರೂ ಹೇಳಿರ್ಲಿಲ್ಲ." ಅವರು ಮುಚ್ಚಳ ತಿರುಗಿಸಿದರು. ಮೂಸಿದರು. ಹುಬ್ಬು ಗಂಟಿಕ್ಕಿತು. ಅಂಗೈ ಮೇಲೆ ಒಂದು ತೊಟ್ಟು ಹಾಕಿಕೊಂಡು ನೆಕ್ಕಿದರು. ಪಕ್ಕದ ಬಾಟಲಿಯನ್ನೂ ತೆಗೆದು ನೋಡಿದರು. ಅದರಲ್ಲಿ ನೀರು.

ಹೆಡ್‌ಮಿಸ್ಟ್ರೆಸ್ ಮುಖದ ಸಿಟ್ಟು ಮೆಲ್ಲಗೆ ಇಳಿಯಿತು. ಅದರ ಜಾಗದಲ್ಲಿ ಬಂದದ್ದು ಕನಿಕರ. ಸೈರನ್ನಪ್ಪನವರ ಭುಜ ತಟ್ಟಿ, "ಕೂತ್ಕೊಳ್ಳಿ," ಎಂದರು. "ಮನೇಲಿ ಎಲ್ಲಾ ಚೆನ್ನಾಗಿದೆ ತಾನೇ?"

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬೀದಿಗೆಲ್ಲ ಹಬ್ಬಿತು. ಪಾಪ, ಮೇಲಿನ ಮನೆಯವರಿಗೆ ಕುಡಿಯುವಷ್ಟು ಧೈರ್ಯವೂ ಇಲ್ಲ, ಬಾಟಲಿಯಲ್ಲಿ ಚಹಾ ಹಾಕಿಕೊಂಡು ಕುಡುಕರ ಆಟ ಆಡುತ್ತಾರೆ! ಎದುರಿನ ದರ್ಜಿ, ಅಳತೆಯ ಟೇಪು ಕೊರಳಲ್ಲೇ ಇಟ್ಟುಕೊಂಡು ಹೊರಗೆ ಓಡಿಬಂದು, "ಸಾರ್, ಹೆಂಡತಿ ಹತ್ರ ಮನಸ್ಸು ಬಿಚ್ಚಿ ಮಾತಾಡಿ ಸಾರ್, ನಾನೂ ಒಂದು ಕಾಲದಲ್ಲಿ ಹೀಗೇ ಇದ್ದೆ" ಎಂದು ಕಣ್ಣೊರೆಸಿಕೊಂಡ. ಆಫೀಸಿನಲ್ಲಿ ಸ್ಟೇಷನ್ ಆಫೀಸರ್ ಒಳಗೆ ಕರೆದು ಬಾಗಿಲು ಹಾಕಿಸಿದರು.

"ಡ್ರಿಲ್ ಕೆಲಸ ನಿಮ್ಮ ತಲೆಗೆ ಏರಿದೆ ಕಣ್ರೀ. ಮನೇಲೂ ಎಲ್ಲಾ ಡಮ್ಮಿ ಮಾಡ್ಕೊಂಡಿದ್ದೀರಂತಲ್ಲ. ನಿಮಗೆ ಒಂದು ಸಲ ನಿಜವಾದ ಬೆಂಕಿಗೆ ಡ್ಯೂಟಿ ಹಾಕಿದ್ರೆ ಸರಿಹೋಗ್ತೀರೇನೋ."

ಬೆಂಕಿಯ ಹೆಸರೇ ಸೈರನ್ನಪ್ಪನವರಿಗೆ ಸಾಕಾಗಿತ್ತು. ಅದಕ್ಕಿಂತ ದೊಡ್ಡ ಭಯ ಬೇರೆಯಿತ್ತು. ಈ ಮಾತು ಕ್ಯಾಪ್ಟನ್ ಕಿವಿಗೆ ಬಿದ್ದರೆ? ಕಾಕ್‌ಟೇಲ್ ಮಾಡುವುದೂ ಸುಳ್ಳು, ಬಾಟಲಿಯೂ ಸುಳ್ಳು, ಮನುಷ್ಯನೇ ಸುಳ್ಳು ಎಂದಾಗುತ್ತದೆ.

ಈ ನಡುವೆ ಮನೆಯಲ್ಲಿ ಒಂದು ವಿಚಿತ್ರ ನಡೆದಿತ್ತು, ಆದರೆ ಹೆದರುವುದರಲ್ಲಿ ಮುಳುಗಿದ್ದ ಸೈರನ್ನಪ್ಪನವರು ಅದನ್ನು ಗಮನಿಸಲಿಲ್ಲ. ಸದಾ ಕೆಮ್ಮುತ್ತ, ಸದಾ ಯಾರನ್ನಾದರೂ ಬೈಯುತ್ತ ಇರುತ್ತಿದ್ದ ಅವರ ಅತ್ತೆ ಕೆಮ್ಮು ಬಿಟ್ಟರು. ಬೈಯುವುದನ್ನೂ ಬಿಟ್ಟರು. ಸಂಜೆಯಾಗುತ್ತಲೇ ಕೋಣೆಯಿಂದ ಹಾಡು ಕೇಳಿಸುತ್ತಿತ್ತು.

ಭಾನುವಾರ ಬಂತು. ಕ್ಯಾಪ್ಟನ್ ಬರುವುದು ಸಂಜೆ ಎಂದಾಗಿತ್ತು. ಹಡಗಿನವರು ಹೇಳಿದ ಸಮಯಕ್ಕಿಂತ ಮುಂಚೆಯೇ ಬರುತ್ತಾರೆ ಎಂಬುದನ್ನು ಯಾರೂ ಸೈರನ್ನಪ್ಪನವರಿಗೆ ಹೇಳಿರಲಿಲ್ಲ. ಅವರು ಕಪಾಟಿನಲ್ಲಿ ಕೆಮ್ಮಿನ ಔಷಧಿಯ ಬಾಟಲಿಗೆ ಕೈಹಾಕಿದರು. ಇಲ್ಲ. ಹಿಂದೆ ನೋಡಿದರು. ಇಲ್ಲ.

"ಅತ್ತೆ, ಇಲ್ಲೊಂದು ಬಾಟ್ಲಿ ಇತ್ತಲ್ಲ?"

"ಅದಾ? ನನ್ನ ಹತ್ರಾನೇ ಇದೆ ಅಳಿಯಂದ್ರೇ!" ಅತ್ತೆ ಕೆಂಪು ಕೆನ್ನೆ ಅರಳಿಸಿ ನಕ್ಕರು. "ಎಂಥ ಔಷಧಿ ತಂದಿದ್ದೀರಿ! ಎರಡು ಚಮಚ ಕುಡಿದೆ, ಕೆಮ್ಮು ಅರ್ಧ ಹೋಯ್ತು. ನಾಲ್ಕು ಕುಡಿದೆ, ಮಂಡಿ ನೋವೂ ಹೋಯ್ತು. ಈಗ ಲೋಟದಲ್ಲೇ ಕುಡೀತೀನಿ. ನನ್ನ ಹೊಟ್ಟೆಯಲ್ಲಿ ಹುಟ್ಟಿದೋರಿಗೆ ಇಲ್ಲದ ಅಕ್ಕರೆ ನಿಮಗಿದೆ."

ಅದನ್ನು ಹೇಗೆ ಕಿತ್ತುಕೊಳ್ಳುವುದು, ಏನೆಂದು ಹೇಳಿ ಕಿತ್ತುಕೊಳ್ಳುವುದು ಎಂದು ಸೈರನ್ನಪ್ಪನವರು ಯೋಚಿಸುವಷ್ಟರಲ್ಲಿ ಮೆಟ್ಟಿಲ ಮೇಲೆ ಗಾಳಿಗೆದುರಾದ ದನಿ ಕೇಳಿಸಿತು.

"ಎಲ್ಲಿದ್ದಾರೆ ನಮ್ಮ ಕಾಕ್‌ಟೇಲ್ ವೀರರು?"

ಕ್ಯಾಪ್ಟನ್ ಸೋಫಾದ ತುಂಬ ಕೂತರು. ಅವರ ಹೆಂಡತಿ ತುದಿಯಲ್ಲಿ ಕೂತರು. ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಅಪ್ಪನನ್ನೇ ನೋಡಿದಳು. ಎಲ್ಲರ ಕಣ್ಣೆದುರು ಸೈರನ್ನಪ್ಪನವರಿಗೆ ಉಳಿದದ್ದು ಚಹಾ ತುಂಬಿದ ವಿಸ್ಕಿ ಬಾಟಲಿ ಮಾತ್ರ. ಗಡ್ಡದವನು ಹೇಳಿದಂತೆಯೇ ಎಲ್ಲ ಮಾಡಿದರು. ಕೈ ಎಷ್ಟು ನಡುಗುತ್ತಿತ್ತೆಂದರೆ ಕಲಕುವ ಕೆಲಸ ತಾನಾಗಿಯೇ ಆಯಿತು. ಕಿತ್ತಳೆ ಸಿಪ್ಪೆ ಹಿಂಡಿ, ಗ್ಲಾಸನ್ನು ಮುಂದಿಟ್ಟು, ಕಣ್ಣು ಮುಚ್ಚಿಕೊಂಡು ನಿಂತರು.

ಕ್ಯಾಪ್ಟನ್ ಒಂದು ಗುಟುಕು ಕುಡಿದರು. ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿದರು. ಇನ್ನೊಂದು ಗುಟುಕು ಕುಡಿದರು. ಸೈರನ್ನಪ್ಪನವರು ಮನಸ್ಸಿನಲ್ಲೇ ಮಗಳ ಕ್ಷಮೆ ಕೇಳಿದರು.

"ಅಬ್ಬಾ!" ಕ್ಯಾಪ್ಟನ್ ತೊಡೆ ತಟ್ಟಿದರು. "ಇದಪ್ಪಾ ವಿಸ್ಕಿ ಅಂದ್ರೆ! ನಮ್ಮನೇದು ಬಿಟ್ರೆ ಇಂಥದ್ದು ನಾನು ಕುಡಿದದ್ದು ಇಲ್ಲೇ. ಅದೇ ರುಚಿ, ಅದೇ ಘಾಟು!"

ಸೈರನ್ನಪ್ಪನವರು ಕಣ್ಣು ಬಿಟ್ಟರು. ಅವರಿಗೆ ಏನೂ ತಿಳಿಯಲಿಲ್ಲ. ಇದೇನು ತಮಾಷೆಯೋ, ಬೈಯುವ ಮುಂಚಿನ ಹೊಗಳಿಕೆಯೋ? ಸೋಫಾದ ತುದಿಯಲ್ಲಿ ಕ್ಯಾಪ್ಟನ್ ಹೆಂಡತಿಯ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು.

ಅಷ್ಟರಲ್ಲಿ ಹೆಡ್‌ಮಿಸ್ಟ್ರೆಸ್ ಏದುಸಿರು ಬಿಡುತ್ತ ಒಳಗೆ ಬಂದರು. ಬೀಗರಾಗುವವರು ಬಂದಿದ್ದಾರೆಂದು ತಿಳಿದು, ಪಾಪದ ಬಾಡಿಗೆದಾರನ ಪರವಾಗಿ ಒಂದು ಒಳ್ಳೆಯ ಮಾತು ಹೇಳೋಣವೆಂದು ಹೊರಟವರು. ಸೈರನ್ನಪ್ಪನವರ ಹೆಂಡತಿ ಉಪಚಾರಕ್ಕೆ ಫ್ರಿಜ್ಜಿನ ಬಾಟಲಿಯಿಂದಲೇ ಒಂದು ಲೋಟ ತುಂಬಿ ಕೊಟ್ಟಳು. ಬಾಯಾರಿದ್ದ ಹೆಡ್‌ಮಿಸ್ಟ್ರೆಸ್ ಗಟಗಟನೆ ಅರ್ಧ ಲೋಟ ಏರಿಸಿದರು. ಆಮೇಲೆ ನಿಂತರು. ಕಣ್ಣು ಅಗಲವಾಯಿತು, ಬಾಯಿ ತೆರೆಯಿತು.

ಅದು ಜಿನ್ ಎಂದು ಆ ಮನೆಯಲ್ಲಿ ಒಬ್ಬರಿಗೇ ಗೊತ್ತಿತ್ತು, ಆ ಒಬ್ಬರು ಗೋಡೆ ಹಿಡಿದು ನಿಂತಿದ್ದರು.

"ನೀರು... ಬಹಳ ತಣ್ಣಗಿದೆ," ಎಂದರು ಹೆಡ್‌ಮಿಸ್ಟ್ರೆಸ್ ಕೊನೆಗೆ. ಸ್ವಲ್ಪ ಯೋಚಿಸಿ, ಉಳಿದದ್ದನ್ನೂ ಕುಡಿದು, ಕುರ್ಚಿಯಲ್ಲಿ ಮೆತ್ತಗೆ ಕೂತರು. "ಇನ್ನೊಂದು ಲೋಟ ಕೊಡಮ್ಮ. ಸ್ವಾಮಿ ಕ್ಯಾಪ್ಟನ್ನೇ, ಒಂದು ಮಾತು ಹೇಳ್ಬೇಕು ಅಂತ ಬಂದೆ. ಈ ಮನುಷ್ಯ ಅಪ್ಪಟ ಚಿನ್ನ. ಇವರು ಕುಡಿಯೋದೇ ಇಲ್ಲ! ಆ ಬಾಟ್ಲೀಲಿ ಇರೋದು ಚಹಾ! ನಾನೇ ನೆಕ್ಕಿ ನೋಡಿದ್ದೀನಿ!"

ಮಗಳು ಸೆರಗಿನಂಚನ್ನು ಬಾಯಿಗೆ ಒತ್ತಿಕೊಂಡಳು. ಮುಗಿಯಿತು, ಎಂದುಕೊಂಡರು ಸೈರನ್ನಪ್ಪನವರು.

ಕ್ಯಾಪ್ಟನ್ ಗಹಗಹಿಸಿ ನಕ್ಕರು. "ಚಹಾನಾ? ಟೀಚರಮ್ಮ, ಏಳು ಸಮುದ್ರದ ವಿಸ್ಕಿ ಕುಡಿದ ನಾಲಿಗೆ ಇದು! ಚಹಾ ಯಾವುದು ವಿಸ್ಕಿ ಯಾವುದು ನನಗೆ ಗೊತ್ತಾಗಲ್ವಾ?" ನಗುನಗುತ್ತಲೇ ಇನ್ನೊಂದು ಗುಟುಕು ಎಳೆದರು.

ಅವರ ಹೆಂಡತಿ ಎದ್ದುಬಿಟ್ಟರು. "ಬೀಗರೇ, ಸ್ವಲ್ಪ ಒಳಗೆ ಬನ್ನಿ," ಎಂದು ಸೈರನ್ನಪ್ಪನವರನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಅಡುಗೆಮನೆಗೆ ಹೋಗಿ, ದನಿ ತಗ್ಗಿಸಿದರು.

"ನಿಮಗೆ ಹೇಗೆ ಗೊತ್ತಾಯ್ತು?"

"ಏನು?" ಎಂದರು ಸೈರನ್ನಪ್ಪನವರು.

"ಅವರಿಗೆ ಹೃದಯದ ಆಪರೇಷನ್ ಆಗಿದೆ. ಒಂದು ಗುಟುಕು ಒಳಗೆ ಹೋದ್ರೂ ನಾನು ಜವಾಬ್ದಾರನಲ್ಲ ಅಂತ ಡಾಕ್ಟರು ಹೇಳಿಬಿಟ್ಟಿದ್ದಾರೆ. ಇವರು ಯಾರ ಮಾತು ಕೇಳೋರು? ಅದಕ್ಕೇ ನಾನು ಎಲ್ಲಾ ಬಾಟ್ಲಿಗೂ ಚಹಾ ತುಂಬಿಸಿ ಇಡ್ತಾ ಬಂದಿದ್ದೀನಿ. ಅವರಿಗೆ ಅದೇ ವಿಸ್ಕಿ ಆಗಿಹೋಗಿದೆ. ಇವತ್ತು ಇಲ್ಲಿ ಅಸಲಿ ಕುಡಿದುಬಿಡ್ತಾರೆ ಅಂತ ಇಡೀ ವಾರ ನಿದ್ದೆ ಇಲ್ಲ ನನಗೆ. ನೀವು ನನ್ನ ಗಂಡನ ಜೀವ ಉಳಿಸಿದ್ರಿ. ಯಾರಿಗೂ ಹೇಳ್ಬೇಡಿ, ಅವರಿಗಂತೂ ಹೇಳಲೇಬೇಡಿ. ಗೊತ್ತಾದ್ರೆ ನನ್ನನ್ನ ಸುಳ್ಳುಗಾರ್ತಿ ಅಂತಾರೆ." ಅವರು ಅತ್ತೇಬಿಟ್ಟರು.

ಸೈರನ್ನಪ್ಪನವರಿಗೆ ಈಗ ಬಂದದ್ದು ಹಿಂದೆಂದೂ ಬಾರದ ಹೆದರಿಕೆ. ಅತ್ತೆ ಆ ಬಾಟಲಿ ಒಯ್ದಿಟ್ಟುಕೊಳ್ಳದೆ ಇದ್ದಿದ್ದರೆ ತಾವೇ ಕೈಯಾರ ಈ ಮನುಷ್ಯನಿಗೆ ಅಸಲಿ ಸುರಿದು ಕೊಡುತ್ತಿದ್ದರಲ್ಲ! ಅಷ್ಟರಲ್ಲಿ ಹಜಾರದಿಂದ ಕೆಮ್ಮು ಕೇಳಿಸಿತು. ನಗುವ ಭರದಲ್ಲಿ ಕ್ಯಾಪ್ಟನ್ ಗಂಟಲಿಗೆ ಕಿತ್ತಳೆ ಸಿಪ್ಪೆ ಸಿಕ್ಕಿಕೊಂಡಿತ್ತು.

"ಅಯ್ಯೋ, ಬೀಗರಿಗೆ ಕೆಮ್ಮು!" ಅತ್ತೆಯವರ ಹರ್ಷದ ದನಿ. "ನನ್ನ ಹತ್ರ ಇದೆ ನೋಡಿ ಔಷಧಿ! ಚಮಚ ಯಾತಕ್ಕೆ, ಬಾಟ್ಲೀನೇ ಎತ್ತಿ ಬಿಡಿ!"

ಸೈರನ್ನಪ್ಪನವರು ಹಜಾರಕ್ಕೆ ಓಡಿಬಂದರು. ಕೆಮ್ಮಿ ಕಣ್ಣು ಕೆಂಪಾದ ಕ್ಯಾಪ್ಟನ್ ಬಾಟಲಿಯನ್ನು ಬಾಯಿಯ ಹತ್ತಿರ ತಂದಾಗಿತ್ತು. ಏನು ಹೇಳಿ ತಡೆಯುವುದು? ವಿಸ್ಕಿ ಎಂದರೆ ಚಹಾದ ಕಥೆ ಹೊರಬರುತ್ತದೆ, ಕ್ಯಾಪ್ಟನ್ ಹೆಂಡತಿಯ ಮಾನ ಹೋಗುತ್ತದೆ, ಮಗಳ ಮದುವೆ ಮುರಿಯುತ್ತದೆ. ಹೇಳದಿದ್ದರೆ ಜೀವ ಹೋಗುತ್ತದೆ. ಜೀವಮಾನದಲ್ಲಿ ಯಾವುದರ ಕಡೆಗೂ ಓಡದೆ ಎಲ್ಲದರಿಂದ ಓಡಿದ ಮನುಷ್ಯ ಆಗ ಹಾರಿದ ನೋಡಿ, ಟೀಪಾಯಿಯನ್ನೇ ದಾಟಿಕೊಂಡು! ಕ್ಯಾಪ್ಟನ್ ಕೈಯಿಂದ ಬಾಟಲಿ ಕಸಿದು, ಇನ್ನೊಬ್ಬರು 'ಅಯ್ಯೋ' ಅನ್ನುವುದರೊಳಗೆ ಉಳಿದಷ್ಟನ್ನೂ ತಮ್ಮ ಗಂಟಲಿಗೆ ಸುರಿದುಕೊಂಡರು.

ಇಷ್ಟು ವರ್ಷ ಅಗ್ನಿಶಾಮಕ ಇಲಾಖೆಯಲ್ಲಿದ್ದು ಅವರು ಒಲೆಯ ಹೊರಗೆ ನಿಜವಾದ ಬೆಂಕಿಯನ್ನು ಕಂಡದ್ದು ಅದೇ ಮೊದಲು, ಅದೂ ಗಂಟಲಲ್ಲಿ. ಅಲ್ಲಿಂದ ಎದೆಗೆ, ಎದೆಯಿಂದ ಹೊಟ್ಟೆಗೆ ಅದು ಮಹಡಿ ಮಹಡಿಯಾಗಿ ಇಳಿಯಿತು.

"ನನಗೂ... ಕೆಮ್ಮು," ಎಂದರು ಉಸಿರು ಬಂದ ಮೇಲೆ.

ಎಲ್ಲರೂ ಬಾಯಿ ಬಿಟ್ಟು ನೋಡುತ್ತಿದ್ದರು. ಅತ್ತೆಗೆ ಮಾತ್ರ ಅಸಮಾಧಾನ. "ಅಳಿಯಂದ್ರೇ, ನನಗೆ ಒಂದು ಹನೀನಾದ್ರೂ ಉಳಿಸಬಾರ್ದಾ?"

ನಿಮಿಷ ಕಳೆಯುವುದರೊಳಗೆ ಸೈರನ್ನಪ್ಪನವರಿಗೆ ಏನೋ ಕಳೆದುಹೋದಂತೆ ಅನ್ನಿಸಿತು. ಹುಡುಕಿ ನೋಡಿದರೆ ಹೆದರಿಕೆ ಇರಲಿಲ್ಲ. ನೆಟ್ಟಗೆ ಹೆಡ್‌ಮಿಸ್ಟ್ರೆಸ್ ಎದುರು ನಿಂತು ಬೆರಳೆತ್ತಿದರು. "ಮೇಡಂ! ಬಚ್ಚಲಿನ ನಲ್ಲಿ ಸೋರ್ತಿದೆ. ನಾಳೇನೇ ರಿಪೇರಿ ಮಾಡಿಸ್ಬೇಕು."

"ಮಾಡಿಸ್ತೀನಪ್ಪ," ಎಂದರು ಹೆಡ್‌ಮಿಸ್ಟ್ರೆಸ್, ಎರಡನೆಯ ಲೋಟದ ತಳ ನೋಡುತ್ತ. "ಇಷ್ಟು ದಿನ ಯಾಕೆ ಬಾಯಿ ಬಿಟ್ಟು ಹೇಳ್ಲಿಲ್ಲ? ನಾನೇನು ಹುಲಿನಾ?"

ಕ್ಯಾಪ್ಟನ್ ಖಾಲಿ ಬಾಟಲಿಯನ್ನು ಎತ್ತಿ ಮೇಜಿನ ಮೇಲಿಟ್ಟರು. "ಬನ್ನಿ, ಸ್ವಲ್ಪ ಗಾಳಿ ಕುಡ್ಕೊಂಡು ಬರೋಣ," ಎಂದು ಸೈರನ್ನಪ್ಪನವರ ರಟ್ಟೆ ಹಿಡಿದು ಮೆಟ್ಟಿಲಿಗೆ ನಡೆಸಿದರು. ತಿರುವಿನಲ್ಲಿ ಕೂರಿಸಿ, ತಾವೂ ಕೂತರು. ಆಮೇಲೆ ಅವರು ಮಾತಾಡಿದ ದನಿ ಎಷ್ಟು ಮೆಲ್ಲಗಿತ್ತೆಂದರೆ ಇದು ಅವರದೇ ಎಂದು ಸೈರನ್ನಪ್ಪನವರಿಗೆ ನಂಬಲಾಗಲಿಲ್ಲ.

"ಆ ಔಷಧಿ ಬಾಟ್ಲಿ ಬಾಯಿ ಹತ್ರ ಬರ್ತಿದ್ದ ಹಾಗೇ ನನ್ನ ಮೂಗಿಗೆ ಗೊತ್ತಾಯ್ತು. ನೀವು ಯಾಕೆ ಹಾರಿದ್ರಿ ಅಂತಾನೂ ಗೊತ್ತಾಯ್ತು. ಅವಳು ಒಳಗೆ ಕರ್ಕೊಂಡು ಹೋಗಿ ಎಲ್ಲಾ ಹೇಳಿದ್ಳು, ಅಲ್ವಾ?"

ಸೈರನ್ನಪ್ಪನವರು ಕಣ್ಣು ಬೇರೆ ಕಡೆ ತಿರುಗಿಸಿದರು.

"ಚಹಾ ಅಂತ ನನಗೆ ಮೊದಲ ದಿನದಿಂದ ಗೊತ್ತು ಬೀಗರೇ. ಏಳು ಸಮುದ್ರ ತಿರುಗಿದೋನಿಗೆ ಅಷ್ಟೂ ಗೊತ್ತಾಗಲ್ವಾ? ಆದ್ರೆ ಆಪರೇಷನ್ ಆದ ಮೇಲೆ ಅವಳ ಮುಖ ನೀವು ನೋಡ್ಬೇಕಿತ್ತು. ಬಾಟ್ಲಿ ಬದಲಾಯಿಸಿದ ದಿನದಿಂದ ಸ್ವಲ್ಪ ನಗೋಕೆ ಶುರು ಮಾಡಿದ್ಳು. ನನಗೆ ಗೊತ್ತಿದೆ ಅಂತ ತಿಳಿದ್ರೆ, ಇವರು ಹೊರಗೆಲ್ಲೋ ಅಸಲಿ ಕುಡೀತಿರ್ಬೇಕು ಅಂತ ಮತ್ತೆ ಹೆದರ್ತಾಳೆ. ಅದಕ್ಕೇ ಬಂದ ಬಂದ ಕಡೆಯೆಲ್ಲಾ ವಿಸ್ಕಿ, ವಿಸ್ಕಿ ಅಂತ ಕೂಗಾಡ್ಕೊಂಡಿರ್ತೀನಿ." ಅವರು ಸುತ್ತ ನೋಡಿ ಇನ್ನಷ್ಟು ಹತ್ತಿರ ಸರಿದರು. "ಒಂದೇ ಕಷ್ಟ. ಸಂಜೆ ಸಂಜೆ ಎರಡು ದೊಡ್ಡ ಪೆಗ್ ಕಡು ಚಹಾ. ರಾತ್ರಿ ರೆಪ್ಪೆ ಮುಚ್ಚಲ್ಲ ನನಗೆ. ಅವಳು ನಡುವೆ ಎದ್ದು ನನ್ನ ಮೂಗಿನ ಹತ್ರ ಕೈಯಿಟ್ಟು ಉಸಿರು ಇದೆಯಾ ಅಂತ ನೋಡ್ತಾಳೆ. ನಾನು ಎಚ್ಚರವಾಗೇ ಇರ್ತೀನಿ, ನಿದ್ದೆ ಬಂದಿರೋ ಹಾಗೆ ಗೊರಕೆ ಹೊಡೀತೀನಿ, ಅವಳಿಗೆ ಧೈರ್ಯ ಬರ್ಲಿ ಅಂತ. ನೀವು ಹೇಗಾದ್ರೂ ಮಾಡಿ ಚಹಾ ಸ್ವಲ್ಪ ತೆಳು ಮಾಡೋಕೆ ಅವಳಿಗೆ ಹೇಳಿ. ಆದ್ರೆ ನಾನು ಹೇಳಿದೆ ಅಂತ ಗೊತ್ತಾಗಬಾರ್ದು."

ಒಳಗಿದ್ದ ವಿಸ್ಕಿಯೆಲ್ಲ ಒಂದೇ ಏಟಿಗೆ ಇಳಿದುಹೋಯಿತು. ಹೋಗಿದ್ದ ಹೆದರಿಕೆ ಎರಡರಷ್ಟಾಗಿ ಮರಳಿತು. ಬೀಗರ ಗುಟ್ಟು ಬೀಗಿತ್ತಿಗೆ ಹೇಳುವಂತಿಲ್ಲ, ಬೀಗಿತ್ತಿಯ ಗುಟ್ಟು ಬೀಗರಿಗೆ ಹೇಳುವಂತಿಲ್ಲ, ಚಹಾ ಮಾತ್ರ ತೆಳುವಾಗಬೇಕು!

ಅಷ್ಟರಲ್ಲಿ ಮೇಲಿನ ಮೆಟ್ಟಿಲಲ್ಲಿ ಕ್ಯಾಪ್ಟನ್ ಹೆಂಡತಿ ಕಾಣಿಸಿಕೊಂಡರು. ಅವರ ಹಿಂದೆ ಮಗಳು.

"ಇಷ್ಟು ಹೊತ್ತು ಏನು ಮಾತಾಡ್ತಿದ್ದೀರಿ?" ಎಂದು ಕೇಳಿದ ಅವರ ದನಿಯಲ್ಲಿ ಆತಂಕ ಎದ್ದು ಕಾಣುತ್ತಿತ್ತು.

ಕ್ಯಾಪ್ಟನ್ ಸೈರನ್ನಪ್ಪನವರನ್ನು ನೋಡಿದರು. ಅಂಥ ದೊಡ್ಡ ಮನುಷ್ಯನ ಕಣ್ಣಲ್ಲಿ ಅಂಥ ಹೆದರಿಕೆಯನ್ನು ಸೈರನ್ನಪ್ಪನವರು ಕನ್ನಡಿಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ. ಏನಾದರೂ ಹೇಳಬೇಕಿತ್ತು, ಆ ಕ್ಷಣವೇ ಹೇಳಬೇಕಿತ್ತು, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟರು.

"ಏನಿಲ್ಲ... ಮದುವೆಗೆ ದಿನ ಗೊತ್ತು ಮಾಡ್ತಿದ್ವಿ."

ಮಗಳು ಮೆಟ್ಟಿಲ ಕಟಕಟೆ ಹಿಡಿದುಕೊಂಡಳು. ಕ್ಯಾಪ್ಟನ್ ಗಂಟಲು ಸರಿಮಾಡಿಕೊಂಡು, ಎದ್ದು ನಿಂತು, ಬೀದಿಯ ಆ ತುದಿಯವರೆಗೂ ಕೇಳುವಂತೆ ಕೂಗಿದರು.

"ಹೌದು ಕಣೇ! ಆದಷ್ಟು ಬೇಗ ಇಟ್ಕೊಳ್ಳೋಣ ಅಂತಿದ್ದಾರೆ ಬೀಗರು!"